ಏಕವಚನದ ಆಳ್ವಿಕೆ

2016ರ ಜೂನ್ ಮೊದಲ ವಾರ ಯಲಹಂಕದಲ್ಲಿ ಒಬ್ಬರ ಬಂಧನವಾಯಿತು. ಅವರು ಶಶಿಧರ್, ಅಖಿಲ ಕರ್ನಾಟಕ ಪೊಲೀಸ್ ಮಹಾಸಂಘದ ಅಧ್ಯಕ್ಷರು. ಅವರು ಯಾರಿಗೂ ಹೊಡೆದಿರಲಿಲ್ಲ, ಏನನ್ನೂ ಸುಟ್ಟಿರಲಿಲ್ಲ. ಜೂನ್ 4ರಂದು ರಾಜ್ಯದ ಕಾನ್‌ಸ್ಟೇಬಲ್‌ಗಳೆಲ್ಲ ಒಟ್ಟಾಗಿ ರಜೆ ಹಾಕೋಣ ಎಂದು ಕರೆ ಕೊಟ್ಟಿದ್ದರು. ಕೇಳಿದ್ದೇನು? ನೆರೆ ರಾಜ್ಯಗಳಷ್ಟು ಸಂಬಳ, ವಾರಕ್ಕೊಂದು ರಜೆ, ಮಿತಿಯಿರುವ ಡ್ಯೂಟಿ, ಮೇಲಧಿಕಾರಿಗಳ ಕಿರುಕುಳಕ್ಕೆ ಕಡಿವಾಣ, ಅಧಿಕಾರಿಗಳ ಮನೆಯಲ್ಲಿ ಪಾತ್ರೆ, ಬಟ್ಟೆ, ನಾಯಿ ನೋಡಿಕೊಳ್ಳುವ ಆರ್ಡರ್ಲಿ ಪದ್ಧತಿಯ ಅಂತ್ಯ. ಇದಕ್ಕೆ ಅವರ ಮೇಲೆ ಬಿದ್ದ ಕಲಂ ಭಾರತೀಯ ದಂಡ ಸಂಹಿತೆಯ 124ಎ. ರಾಜದ್ರೋಹ.

ಸಾಹೇಬರ ಮನೆಯ ತರಕಾರಿ ತರಲಾರೆವು ಎನ್ನುವುದು ರಾಜದ್ರೋಹವಾದ ಆ ದಿನವನ್ನು ನಾವು ಬಹಳ ಬೇಗ ಮರೆತೆವು. ಮರೆಯಲು ಕಾರಣವಿದೆ. ಕೆಲಸದ ಜಾಗದಲ್ಲಿ ಮೇಲಿನವರು ಏನೂ ಅನ್ನಬಹುದು, ಕೆಳಗಿನವರು ಅದನ್ನು ಹೊರಗೆ ಹೇಳಬಾರದು ಎಂಬ ನಂಬಿಕೆ ನಮ್ಮಲ್ಲಿ ಅಷ್ಟು ಆಳಕ್ಕೆ ಇಳಿದಿದೆ. ‘ಬಾಸ್ ಅಂದಮೇಲೆ ಒಂದು ಮಾತು ಬರುತ್ತೆ, ಹೋಗುತ್ತೆ.’ ‘ಬೈದು ಹೇಳೋರು ಬದುಕೋಕೆ ಹೇಳ್ತಾರೆ.’ ‘ಒಳಗಿನ ವಿಷಯ ಒಳಗೇ ಬಗೆಹರಿಸಿಕೊಳ್ಳಬೇಕಪ್ಪ, ಬೀದಿಗೆ ತಂದರೆ ಹೇಗೆ?’ ಹೊರಗೆ ಹೇಳಿದವರಿಗೆ ನಮ್ಮ ಗಾದೆ ಸಿದ್ಧವಾಗಿದೆ: ಉಂಡ ಮನೆಯ ಜಂತೆ ಎಣಿಸುವವರು. ಮೇಲಿನವರು ಆಡಿದ ಮಾತು ಹೊರಬಂದು ಜನ ಸಿಟ್ಟಾದರೆ ಇದೇ ನಂಬಿಕೆ ಇನ್ನೊಂದು ವೇಷ ತೊಡುತ್ತದೆ. ಆಗ ಮೇಲಿನವರಿಗೆ ಅಭಿವ್ಯಕ್ತಿ ಸ್ವಾತಂತ್ರ್ಯ ಇಲ್ಲವೇ, ಒಂದು ಮಾತಿಗೆ ಇಷ್ಟೊಂದು ಗದ್ದಲವೇ, ಇದು ಗುಂಪಿನ ದಬ್ಬಾಳಿಕೆಯಲ್ಲವೇ ಎಂದು ಕೇಳುತ್ತಾರೆ.

ಈ ನಂಬಿಕೆ ತಪ್ಪು ಎಂದು ನಾನು ಹೇಳುತ್ತಿದ್ದೇನೆ. ಅರ್ಧ ತಪ್ಪಲ್ಲ, ಪೂರ್ತಿ ತಪ್ಪು.

ಮೊದಲು ಗಾದೆಯನ್ನೇ ನೋಡೋಣ. ಜಂತೆ ಎಣಿಸಬಾರದು ಎಂಬ ಕಟ್ಟು ಅತಿಥಿಗೆ. ಕರೆದು ಎಲೆ ಹಾಕಿ ಬಡಿಸಿದವರ ಮನೆಯಲ್ಲಿ ಕೊಂಕು ಹುಡುಕಬಾರದು, ಅದು ಮರ್ಯಾದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಕಾಲರ್ ಹೊಲಿಯುವ ಹೆಂಗಸು ಯಾರ ಮನೆಯಲ್ಲೂ ಉಂಡಿಲ್ಲ. ಅವಳು ದುಡಿದಿದ್ದಾಳೆ, ದುಡಿದದ್ದಕ್ಕೆ ತೆಗೆದುಕೊಂಡಿದ್ದಾಳೆ, ಬಹಳ ಸಲ ದುಡಿದದ್ದಕ್ಕಿಂತ ಕಡಿಮೆಯೇ ತೆಗೆದುಕೊಂಡಿದ್ದಾಳೆ. ಸಂಬಳವನ್ನು ಅನ್ನದಾನ ಎಂದು ತಿಳಿದವರು ಮಾತ್ರ ಈ ಗಾದೆಯನ್ನು ಅವಳ ಮೇಲೆ ಎಸೆಯಬಲ್ಲರು. ಆ ಛಾವಣಿಯ ಕೆಳಗೆ ದಿನಕ್ಕೆ ಎಂಟೊಂಬತ್ತು ಗಂಟೆ ಇರುವವಳು ಜಂತೆಗೆ ಗೆದ್ದಲು ಹಿಡಿದಿದೆಯೇ ಎಂದು ನೋಡಲೇಬೇಕು. ಕುಸಿದರೆ ಬೀಳುವುದು ಅವಳ ತಲೆಯ ಮೇಲೆ.

ಕನ್ನಡದಲ್ಲಿ ಯಜಮಾನಿಕೆಯನ್ನು ಕಂಡುಹಿಡಿಯಲು ದೊಡ್ಡ ತನಿಖೆ ಬೇಡ, ಸರ್ವನಾಮ ಸಾಕು. ‘ಏಕವಚನದಲ್ಲಿ ಮಾತಾಡಿದರು’ ಎಂಬುದು ನಮ್ಮಲ್ಲಿ ಒಂದು ಪೂರ್ಣ ದೂರು. ಅಪ್ಪ ಮಗನಿಗೆ ನೀನು ಎನ್ನುತ್ತಾನೆ, ಗೆಳೆಯರು ನೀನು ಎನ್ನುತ್ತಾರೆ, ಭಕ್ತ ದೇವರಿಗೂ ನೀನು ಎನ್ನುತ್ತಾನೆ. ಅಲ್ಲೆಲ್ಲ ಅದು ಪ್ರೀತಿ, ಸಲಿಗೆ. ಇಪ್ಪತ್ತೈದರ ಸೂಪರ್‌ವೈಸರ್ ನಲವತ್ತೈದರ ಟೈಲರ್‌ಗೆ ‘ಏನೇ, ಕೈ ಓಡಲ್ವಾ?’ ಎಂದಾಗ ಅದೇ ಪದ ಬೇರೆಯಾಗುತ್ತದೆ. ಅವನು ನೀನು ಎನ್ನಬಹುದು, ಅವಳು ಸಾರ್ ಎನ್ನಲೇಬೇಕು. ಈ ಒಮ್ಮುಖ ಏಕವಚನದೊಳಗೆ ಜಾತಿಯಿದೆ, ಹೆಣ್ಣೆಂಬ ತಾತ್ಸಾರವಿದೆ, ಹಳ್ಳಿಯಿಂದ ಬಂದವಳು, ಓದಿಲ್ಲದವಳು ಎಂಬ ಲೆಕ್ಕಾಚಾರವಿದೆ. ಅದರ ಹಿಂದೆಯೇ ಬರುವ ಬೈಗುಳವನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಕೇಳಿದವರಿಗೆ ಗೊತ್ತು.

ಗಾರ್ಮೆಂಟ್ಸ್ ಹೆಂಗಸರೇ ಇದಕ್ಕೆ ಒಂದು ಹೆಸರು ಕೊಟ್ಟರು: ಪ್ರೊಡಕ್ಷನ್ ಟಾರ್ಚರ್. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಕರ್ನಾಟಕ ಮತ್ತು ಜೊತೆಯ ಸಂಘಟನೆಗಳು 2016ರಲ್ಲಿ ಹೊರತಂದ ಅಧ್ಯಯನದ ಹೆಸರು ‘ಪ್ರೊಡಕ್ಷನ್ ಆಫ್ ಟಾರ್ಚರ್’. ಈ ಎರಡು ಪದಗಳ ಜೋಡಣೆಯಲ್ಲಿ ನಮ್ಮ ಮ್ಯಾನೇಜ್‌ಮೆಂಟ್ ಕಾಲೇಜುಗಳು ಕಲಿಸದ ಪಾಠವಿದೆ. ಬೈಗುಳ ಅಲ್ಲಿ ಯಾರದೋ ಕೆಟ್ಟ ಸ್ವಭಾವದಿಂದ ಹೊರಡುವುದಲ್ಲ. ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಮೇಲಿಂದ ಬರುತ್ತದೆ. ಬ್ರ್ಯಾಂಡ್ ದರ ಇಳಿಸುತ್ತದೆ, ಕಂಪನಿ ಗಡುವಿನ ದಿನ ಕಡಿಮೆ ಮಾಡುತ್ತದೆ, ಪ್ರೊಡಕ್ಷನ್ ಮ್ಯಾನೇಜರ್ ಫ್ಲೋರ್ ಇನ್‌ಚಾರ್ಜ್‌ಗೆ ಬೈಯುತ್ತಾನೆ, ಅವನು ಸೂಪರ್‌ವೈಸರ್‌ಗೆ, ಸೂಪರ್‌ವೈಸರ್ ಮೆಷಿನ್ ಮುಂದೆ ಕೂತವಳಿಗೆ. ಲೈನ್‌ನಲ್ಲಿ ಅವಳ ಕೆಳಗೆ ಹೆಲ್ಪರ್ ಬಿಟ್ಟು ಯಾರೂ ಇಲ್ಲ. ಬಾತ್‌ರೂಮಿಗೆ ಹೋದರೆ ಪೀಸ್ ಕಡಿಮೆಯಾಗುತ್ತದೆ ಎಂದು ನೀರು ಕುಡಿಯದೆ ಕೂರುತ್ತಾಳೆ. ಅಂಥ ಕಡೆ ಮಾತನ್ನು ಮೆಷಿನ್‌ಗೆ ಎಣ್ಣೆ ಬಿಟ್ಟಂತೆ ಬಳಸುತ್ತಾರೆ. ಅವಮಾನವೇ ಅಲ್ಲಿ ಇಂಧನ.

ಹಾಗಾಗಿಯೇ ಮ್ಯಾನೇಜರನ ಮಾತನ್ನು ‘ಅಭಿಪ್ರಾಯ’ ಎಂದು ಕರೆಯುವುದನ್ನು ನಾನು ಒಪ್ಪಲಾರೆ. ಅಭಿಪ್ರಾಯಕ್ಕೆ ಎದುರುತ್ತರ ಕೊಡಬಹುದು. ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ವ್ಯಾಪಾರಿ ನನಗೆ ಒಂದು ಮಾತೆಂದರೆ ನಾನೂ ಒಂದು ಅಂದು ಪಕ್ಕದ ಮಂಡಿಗೆ ಹೋಗುತ್ತೇನೆ. ನಾಗವಾರದ ಮಾನ್ಯತಾ ಟೆಕ್ ಪಾರ್ಕಿನಲ್ಲಿ ಕೂತ ಹುಡುಗನಿಗೆ ಆ ದಾರಿಯಿಲ್ಲ. ಅವನ ಅಪ್ರೈಸಲ್, ರಜೆ, ಮುಂದಿನ ಕೆಲಸಕ್ಕೆ ಬೇಕಾದ ರಿಲೀವಿಂಗ್ ಲೆಟರ್ ಎಲ್ಲವೂ ಬೈದವರ ಕೈಯಲ್ಲಿವೆ. ಉತ್ತರ ಕೊಡಲಾಗದವನ ಮೇಲೆ ಆಡಿದ ಮಾತು ಕ್ರಿಯೆ. ಬಡ್ತಿ, ವರ್ಗಾವಣೆ, ಸಂಬಳ ಕಡಿತದಂತೆಯೇ ಅದೂ ಅಧಿಕಾರದ ಪ್ರಯೋಗ, ಅಧಿಕಾರದ ಪ್ರಯೋಗಕ್ಕೆ ಲೆಕ್ಕ ಕೊಡಲೇಬೇಕು.

2025ರ ಜನವರಿಯಲ್ಲಿ ಎಲ್‌ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ದುಡಿಸಲು ಆಗುತ್ತಿಲ್ಲವೆಂಬ ಬೇಸರವಿದೆ, ಮನೆಯಲ್ಲಿ ಕೂತು ಹೆಂಡತಿಯ ಮುಖವನ್ನು ಎಷ್ಟು ಹೊತ್ತು ನೋಡುತ್ತೀರಿ ಎಂಬರ್ಥದ ಮಾತಾಡಿದ ವಿಡಿಯೊ ಹೊರಬಂತು. ದೇಶವೆಲ್ಲ ಸಿಟ್ಟಾಯಿತು. ಒಬ್ಬ ಹಿರಿಯರು ಮನಸ್ಸಿನಲ್ಲಿದ್ದದ್ದು ಹೇಳಿದರೆ ತಪ್ಪೇ ಎಂದು ಸಮರ್ಥಿಸಿದವರು ಒಂದು ಸಂಗತಿ ಬಿಟ್ಟುಬಿಟ್ಟರು. ಅದು ಸಾಹಿತ್ಯ ಸಮ್ಮೇಳನದ ಭಾಷಣವಾಗಿರಲಿಲ್ಲ. ಶನಿವಾರ ಯಾಕೆ ಕೆಲಸ ಎಂಬ ನೌಕರರ ಪ್ರಶ್ನೆಗೆ ಕಂಪನಿಯ ಮುಖ್ಯಸ್ಥರು ಕೊಟ್ಟ ಉತ್ತರವಾಗಿತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಎಂದು ಗೆರೆ ಎಳೆದು ಮುಕ್ಕಾಲು ಶತಮಾನವಾಯಿತು. ಸಂಬಳ ಕೊಡುವವರು ನೌಕರರೆದುರು ನಿಂತು 90 ಎಂದಾಗ ಕೇಳುವವರ ಕಿವಿಗೆ ಅದು ಚಿಂತನೆಯಾಗಿ ಬೀಳುವುದಿಲ್ಲ. ಮುಂದಿನ ಸೋಮವಾರ ಯಾರ ಹೆಸರು ಯಾವ ಪಟ್ಟಿಯಲ್ಲಿರುತ್ತದೆ ಎಂಬ ಸೂಚನೆಯಾಗಿ ಬೀಳುತ್ತದೆ.

ಇದಕ್ಕಿಂತ ಭಿನ್ನವಾದದ್ದು ಫೋನ್‌ಪೇ ಸಹಸಂಸ್ಥಾಪಕ ಸಮೀರ್ ನಿಗಮ್ ಅವರ ಪ್ರಸಂಗ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ರಾಜ್ಯ ಸರ್ಕಾರದ ಮಸೂದೆಯನ್ನು ಅವರು ಬಹಿರಂಗವಾಗಿ ವಿರೋಧಿಸಿದರು. ಅದು ನಾಗರಿಕನೊಬ್ಬನ ಅಭಿಪ್ರಾಯ, ಹೇಳಲು ಅವರಿಗೆ ಪೂರ್ತಿ ಹಕ್ಕಿತ್ತು. ಸಿಟ್ಟಾದ ಕನ್ನಡಿಗರು ಆ ಆ್ಯಪನ್ನು ಫೋನಿನಿಂದ ತೆಗೆದರು, ಅದಕ್ಕೆ ಅವರಿಗೂ ಪೂರ್ತಿ ಹಕ್ಕಿತ್ತು. ಕೆಲವೇ ದಿನಗಳಲ್ಲಿ ನಿಗಮ್ ಕ್ಷಮೆ ಕೇಳಿದರು. ಅವರನ್ನು ಯಾರೂ ಜೈಲಿಗೆ ಹಾಕಲಿಲ್ಲ. ಒಂದು ಮಾತಿಗೆ ಲಕ್ಷ ಮಾತು ಉತ್ತರವಾಗಿ ಬಂದರೆ ಅದನ್ನು ಸ್ವಾತಂತ್ರ್ಯದ ನಾಶ ಎನ್ನುವುದು ಸರಿಯಲ್ಲ, ಅದು ಸ್ವಾತಂತ್ರ್ಯದ ಬಳಕೆ. ಯಲಹಂಕದ ಬಂಧನದ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಮೇಲಿನವರ ಮಾತಿಗೆ ಬಂದ ಶಿಕ್ಷೆ ಜನರ ಸಿಟ್ಟು. ಕೆಳಗಿನವರ ಮಾತಿಗೆ ಬಂದ ಶಿಕ್ಷೆ 124ಎ. ಆ ಕಲಮನ್ನು 2022ರ ಮೇ 11ರಂದು ಸುಪ್ರೀಂ ಕೋರ್ಟ್ ತಡೆಹಿಡಿಯಿತು. ಆರು ವರ್ಷ ತಡವಾಗಿ.

ಶಶಿಧರ್ ಬಂಧನಕ್ಕೆ ಮೊದಲು, ಅದೇ 2016ರ ಏಪ್ರಿಲ್ 18 ಮತ್ತು 19ರಂದು ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದಿದ್ದರು. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಫೆಬ್ರವರಿಯಲ್ಲಿ ನಿಯಮ ಬದಲಿಸಿತ್ತು. ಹೊಸೂರು ರಸ್ತೆಯಲ್ಲಿ ಶುರುವಾದದ್ದು ಎರಡನೇ ದಿನ ತುಮಕೂರು ರಸ್ತೆಗೆ, ಜಾಲಹಳ್ಳಿ ಕ್ರಾಸಿಗೆ ಬಂತು. ಕರೆ ಕೊಟ್ಟ ನಾಯಕರಿರಲಿಲ್ಲ. ಪೊಲೀಸರು ಲಾಠಿ ಬೀಸಿದರು. 19ರ ಸಂಜೆಗೆ ಕೇಂದ್ರ ಸರ್ಕಾರ ಹಿಂದೆ ಸರಿಯಿತು. ಅಂದು ಪತ್ರಿಕೆ ಓದುತ್ತ ನಮ್ಮಲ್ಲಿ ಹಲವರು ಕೇಳಿದ್ದು ಒಂದೇ ಪ್ರಶ್ನೆ: ಮನವಿ ಕೊಡಬಹುದಿತ್ತಲ್ಲ, ರಸ್ತೆ ಯಾಕೆ ತಡೆದರು? ಪಿಎಫ್ ಒಂದಕ್ಕೇ ಅಷ್ಟು ಸಿಟ್ಟು ಬಂದದ್ದಲ್ಲ ಎಂದು ನಾನು ನಂಬುತ್ತೇನೆ. ಬಾಯಿ ತೆರೆಯದಂತೆ ವರ್ಷಗಟ್ಟಲೆ ಕೂರಿಸಿದವರ ಬಾಯಿ ಒಮ್ಮೆ ತೆರೆದರೆ ಅದು ಮನವಿಪತ್ರದ ಭಾಷೆಯಲ್ಲಿ ತೆರೆಯುವುದಿಲ್ಲ. ಅಂದು ಲಾಠಿ ಹಿಡಿದಿದ್ದ ಕಾನ್‌ಸ್ಟೇಬಲ್‌ಗಳೇ ಆರು ವಾರಗಳ ನಂತರ ತಮ್ಮ ಸಾಹೇಬರ ಬಗ್ಗೆ ಅದನ್ನೇ ಹೇಳಲು ಹೊರಟರು. ರಸ್ತೆಯ ಎರಡೂ ಬದಿಯಲ್ಲಿ ನಿಂತಿದ್ದವರ ದೂರು ಒಂದೇ ಆಗಿತ್ತು ಎಂಬುದು ನನ್ನನ್ನು ಇವತ್ತಿಗೂ ಕಲಕುತ್ತದೆ.

‘ಒಳಗೇ ಬಗೆಹರಿಸಿಕೊಳ್ಳಿ’ ಎನ್ನುವವರನ್ನು ಕೇಳಬೇಕು: ಒಳಗೆ ಎಲ್ಲಿ? ಪೊಲೀಸರಿಗೆ 1966ರ ಹಕ್ಕುಗಳ ನಿರ್ಬಂಧ ಕಾಯ್ದೆಯಿದೆ. ಅನುಮತಿಯಿಲ್ಲದೆ ಸಂಘ ಕಟ್ಟುವಂತಿಲ್ಲ, ಪತ್ರಿಕೆಗೆ ಮಾತಾಡುವಂತಿಲ್ಲ. ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ 2014ರಲ್ಲಿ, ಕೆಲಸದ ನಿಯಮಗಳನ್ನು ಬರೆದಿಡಬೇಕೆಂದಿದ್ದ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐದು ವರ್ಷ ವಿನಾಯಿತಿ ಕೊಟ್ಟಿತು, 2019ರಲ್ಲಿ ಮುಂದುವರಿಸಿತು, 2024ರಲ್ಲಿ ಮತ್ತೆ ಮುಂದುವರಿಸಿತು. ಆ ವಿನಾಯಿತಿಗೆ ಷರತ್ತುಗಳಿದ್ದವು. ನೌಕರರೂ ಆಡಳಿತವೂ ಸಮಸಂಖ್ಯೆಯಲ್ಲಿರುವ ಕುಂದುಕೊರತೆ ಸಮಿತಿ ಇರಬೇಕಿತ್ತು. ಇದನ್ನು ಓದುತ್ತಿರುವ ಐಟಿ ನೌಕರರು ತಮ್ಮ ಕಂಪನಿಯ ಸಮಿತಿಯಲ್ಲಿ ತಮ್ಮನ್ನು ಪ್ರತಿನಿಧಿಸುವವರ ಹೆಸರನ್ನು ಒಮ್ಮೆ ನೆನಪಿಸಿಕೊಳ್ಳಲಿ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆಯಿದೆ, ಹತ್ತು ಜನರಿದ್ದಲ್ಲಿ ಆಂತರಿಕ ಸಮಿತಿ ಕಡ್ಡಾಯ. ಆದರೆ ಮೀಟಿಂಗಿನಲ್ಲಿ ಎಲ್ಲರೆದುರು ‘ನಿಮ್ಮಪ್ಪ ಯಾಕೆ ಓದಿಸಿದ?’ ಎಂದು ಹೀಯಾಳಿಸುವುದು ಅದರ ಬಾಗಿಲಿಗೆ ಬರುವುದಿಲ್ಲ. ಕೆಲಸದ ಜಾಗದ ಹಿಂಸೆ ಮತ್ತು ಕಿರುಕುಳದ ಕುರಿತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2019ರಲ್ಲಿ 190ನೇ ಒಡಂಬಡಿಕೆ ಮಾಡಿತು. ಭಾರತ ಅದನ್ನು ಅನುಮೋದಿಸಿಲ್ಲ. ಇನ್ನು ಅಭಿವ್ಯಕ್ತಿ ಸ್ವಾತಂತ್ರ್ಯ ಕೊಡುವ ಸಂವಿಧಾನದ 19ನೇ ವಿಧಿಯನ್ನು ನಾವು ಮುಖ್ಯವಾಗಿ ಸರ್ಕಾರದ ಎದುರು ಹಿಡಿದು ಬಳಸುತ್ತೇವೆ. ಕಂಪನಿಯ ಗೇಟಿನಲ್ಲಿ ಐಡಿ ಕಾರ್ಡ್ ತೋರಿಸಿ ಒಳಹೋದವನಿಗೆ ಅದು ಬಹಳ ದೂರದ ಆಸರೆ.

ಒಳಗೆ ದಾರಿಯಿಲ್ಲದೆ ಹೊರಗೆ ಬಂದವರಿಗೆ ಏನಾಯಿತು ಎಂಬುದಕ್ಕೆ ಬೆಂಗಳೂರಿನಲ್ಲೇ ಹಳೆಯ ಸಾಕ್ಷ್ಯವಿದೆ. ಫೈಬರ್ಸ್ ಅಂಡ್ ಫ್ಯಾಬ್ರಿಕ್ಸ್ ಇಂಟರ್‌ನ್ಯಾಷನಲ್ ಎಂಬ ಜೀನ್ಸ್ ತಯಾರಕ ಕಂಪನಿಯಲ್ಲಿ ಕಾರ್ಮಿಕರಿಗೆ ಬೈಗುಳ, ಕಿರುಕುಳ, ಸಂಬಳವಿಲ್ಲದ ಓವರ್‌ಟೈಮ್ ಇದೆ ಎಂದು ಇಲ್ಲಿನ ಕಾರ್ಮಿಕ ಸಂಘಟನೆಗಳು ಆರೋಪಿಸಿದವು, ಕಂಪನಿ ಅಲ್ಲಗಳೆಯಿತು. ಕಂಪನಿ 2006ರಲ್ಲಿ ಇಲ್ಲಿನ ನ್ಯಾಯಾಲಯದಿಂದ ತಡೆಯಾಜ್ಞೆ ತಂದಿತು. ಕಂಪನಿಯ ಒಳಗಿನ ಸ್ಥಿತಿಯ ಬಗ್ಗೆ ಆ ಸಂಘಟನೆಗಳು ಹೊರಗೆ ಮಾತಾಡಬಾರದು ಎಂದು. ನೆದರ್ಲೆಂಡ್ಸ್‌ನಲ್ಲಿ ದನಿ ಎತ್ತಿದ ಸಂಘಟನೆಗಳ ಮೇಲೂ ಬೆಂಗಳೂರಿನಲ್ಲಿ ಮಾನನಷ್ಟದ ಮೊಕದ್ದಮೆ ಬಿತ್ತು. ಕೊನೆಗೆ ಅಲ್ಲಿನ ಮಾಜಿ ಪ್ರಧಾನಿ ರೂಡ್ ಲೂಬರ್ಸ್ ಮಧ್ಯಸ್ಥಿಕೆಯಲ್ಲಿ 2008ರ ಜನವರಿಯಲ್ಲಿ ರಾಜಿಯಾಯಿತು. ಆರೋಪ ಎಷ್ಟು ನಿಜ ಎಂದು ನಾನಿಲ್ಲಿ ತೀರ್ಪು ಕೊಡುತ್ತಿಲ್ಲ. ನನಗೆ ಮುಖ್ಯವಾದದ್ದು ಇಷ್ಟು: ಸೂಪರ್‌ವೈಸರ್‌ಗಳ ನಾಲಿಗೆಯ ಬಗ್ಗೆ ಹೊರಟ ದೂರಿಗೆ ಮೊದಲು ಸಿಕ್ಕ ಉತ್ತರ ದೂರುವವರ ನಾಲಿಗೆಗೆ ತಡೆ. ಬೆಂಗಳೂರಿನ ಹೊಲಿಗೆಯವಳ ಮಾತು ಕೇಳಿಸಬೇಕಾದರೆ ಯೂರೋಪಿನ ಮಾಜಿ ಪ್ರಧಾನಿಯೊಬ್ಬರು ಬರಬೇಕಾಯಿತು.

ಜನರ ಸಿಟ್ಟಿನಲ್ಲಿ ಕೆಡುಕಿಲ್ಲ ಎಂದು ನಾನು ಹೇಳಲಾರೆ. 2025ರ ಮೇನಲ್ಲಿ ಆನೇಕಲ್ ತಾಲ್ಲೂಕಿನ ಸೂರ್ಯನಗರದ ಎಸ್‌ಬಿಐ ಶಾಖೆಯ ಮಹಿಳಾ ವ್ಯವಸ್ಥಾಪಕರು ಗ್ರಾಹಕರೊಬ್ಬರ ಜೊತೆ ಕನ್ನಡ ಮಾತಾಡುವುದಿಲ್ಲ ಎಂದ ವಿಡಿಯೊ ಹರಿದಾಡಿತು. ಮುಖ್ಯಮಂತ್ರಿ ಖಂಡಿಸಿದರು, ಒಂದೆರಡು ದಿನದಲ್ಲಿ ವರ್ಗಾವಣೆಯಾಯಿತು, ಅವರು ಕ್ಷಮೆಯನ್ನೂ ಕೇಳಿದರು. ಕನ್ನಡದಲ್ಲಿ ಸೇವೆ ಕೇಳಿದ್ದು ನ್ಯಾಯ. ಆದರೆ ಅಂಥ ಹೊತ್ತಿನಲ್ಲಿ ಹೆಣ್ಣೆಂಬ ಕಾರಣಕ್ಕೆ ಕೀಳಾಗಿ ಬೈಯುವವರು, ಮನೆ ವಿಳಾಸ ಹುಡುಕುವವರು ಮಾಡುವುದು ಅದೇ ಏಕವಚನದ ಆಳ್ವಿಕೆ. ಅದನ್ನು ನಾನು ಸಮರ್ಥಿಸುವುದಿಲ್ಲ. ನನ್ನ ದೊಡ್ಡ ತಕರಾರು ಬೇರೆ. ಕೌಂಟರಿನ ಹೊರಗೆ ನಿಂತ ಗ್ರಾಹಕನ ಕೈಯಲ್ಲಿ ಫೋನ್ ಇರುತ್ತದೆ, ಖಾತೆ ಮುಚ್ಚಿ ಹೋಗುವ ಸ್ವಾತಂತ್ರ್ಯ ಇರುತ್ತದೆ. ಅವನ ಅವಮಾನಕ್ಕೆ ಎರಡು ದಿನದಲ್ಲಿ ಪರಿಹಾರ. ಕೌಂಟರಿನ ಒಳಗೆ, ಫೋನನ್ನು ಗೇಟಿನಲ್ಲೇ ಕೊಟ್ಟು ಬರುವ ಫ್ಲೋರಿನಲ್ಲಿ, ಅವಮಾನಕ್ಕೆ ಸಾಕ್ಷ್ಯವೇ ಉಳಿಯುವುದಿಲ್ಲ. ಜನರ ಸಿಟ್ಟು ಹೆಚ್ಚಾಯಿತು ಎಂದು ಗೋಳಾಡುವವರು ಅದು ಎಲ್ಲಿಗೆ ತಲುಪುವುದೇ ಇಲ್ಲ ಎಂಬುದನ್ನು ನೋಡಲಿ.

ಕ್ಯಾಮೆರಾ ಇದ್ದರೆ ಏನಾಗುತ್ತದೆ ಎಂಬುದನ್ನೂ ಕಂಡೆವು. 2025ರ ಏಪ್ರಿಲ್ 28ರಂದು ಬೆಳಗಾವಿಯ ಕಾಂಗ್ರೆಸ್ ಸಮಾವೇಶದಲ್ಲಿ ಕಪ್ಪು ಬಾವುಟ ಕಂಡು ಸಿಟ್ಟಾದ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಬಂದೋಬಸ್ತಿನಲ್ಲಿದ್ದ ಧಾರವಾಡದ ಎಎಸ್‌ಪಿ ನಾರಾಯಣ ಬರಮನಿಯವರನ್ನು ವೇದಿಕೆಗೆ ಕರೆದು ಕೈ ಎತ್ತಿದರು. ಕೈ ಬೀಳಲಿಲ್ಲ. ಆದರೆ ಮೂರು ದಶಕ ಸಮವಸ್ತ್ರ ತೊಟ್ಟ ಅಧಿಕಾರಿ ಹೆಜ್ಜೆ ಹಿಂದಿಟ್ಟದ್ದನ್ನು ನಾಡೆಲ್ಲ ನೋಡಿತು. ಅವರು ಪತ್ರಿಕಾಗೋಷ್ಠಿ ಕರೆಯುವಂತಿರಲಿಲ್ಲ. ಜೂನ್‌ನಲ್ಲಿ ಸ್ವಯಂ ನಿವೃತ್ತಿ ಕೋರಿ ಪತ್ರ ಬರೆದರು, ತಮಗೂ ಮನೆಯವರಿಗೂ ಆದ ನೋವನ್ನು ಅದರಲ್ಲಿ ಹೇಳಿಕೊಂಡರು. ಸೇವೆಯಲ್ಲಿದ್ದುಕೊಂಡು ಆಡಲಾಗದ ಮಾತನ್ನು ಆಡಲು ಅವರಿಗಿದ್ದ ಹಾಳೆ ಅದೊಂದೇ. ಪತ್ರ ಬೆಳಕಿಗೆ ಬಂದು ಗದ್ದಲವಾದ ಮೇಲೆ ಮುಖ್ಯಮಂತ್ರಿ ಮಾತಾಡಿದರು, ಅಧಿಕಾರಿ ಕೆಲಸಕ್ಕೆ ಮರಳಿದರು, ಬೆಳಗಾವಿಗೇ ಡಿಸಿಪಿಯಾಗಿ ಹೋದರು. ವಿಡಿಯೊ ಇರದಿದ್ದರೆ ಆ ಪತ್ರ ಕಡತದಲ್ಲೇ ಇರುತ್ತಿತ್ತು.

ಬಹಳ ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಒಂದು ಕಚೇರಿಯಲ್ಲಿ ಹಿರಿಯ ಸಹೋದ್ಯೋಗಿಯೊಬ್ಬರ ಮುಖದ ಮೇಲೆ ವ್ಯವಸ್ಥಾಪಕರು ಫೈಲು ಎಸೆದರು. ಹಾಳೆಗಳು ನೆಲಕ್ಕೆ ಚೆಲ್ಲಿದವು. ಅವರು ಬಗ್ಗಿ ಒಂದೊಂದೇ ಆರಿಸಿಕೊಂಡರು. ಹನ್ನೆರಡು ಮಂದಿ ಅಲ್ಲಿದ್ದೆವು, ಒಬ್ಬರೂ ಎದ್ದು ಹಾಳೆ ಎತ್ತಿಕೊಡಲಿಲ್ಲ. ಸಂಜೆ ಟೀ ಅಂಗಡಿಯಲ್ಲಿ ‘ಅವರದ್ದೂ ತಪ್ಪಿತ್ತು ಬಿಡಿ’ ಎಂದು ಯಾರೋ ಅಂದಾಗ ನಾನೂ ತಲೆಯಾಡಿಸಿದೆ. ಆ ತಲೆಯಾಡಿಸಿದ್ದೇ ನಾನು ಇಲ್ಲಿ ಎದುರಿಸುತ್ತಿರುವ ನಂಬಿಕೆ.

ತಪ್ಪು ತೋರಿಸುವುದೇ ಬೇಡವೇ ಎಂದು ಕೇಳುತ್ತಾರೆ. ತೋರಿಸಲಿ. ಹೊಲಿಗೆ ಡೊಂಕಾದರೆ ಚೆಕ್ಕಿಂಗ್‌ನವರು ಪೀಸ್ ಹಿಂದಕ್ಕೆ ಕಳಿಸಲಿ, ಕೋಡ್ ಕೆಟ್ಟರೆ ಸರಿಮಾಡಲು ಹೇಳಲಿ. ‘ಈ ಪೀಸ್ ಸರಿಯಿಲ್ಲ ನೋಡಿ, ಬಿಚ್ಚಿ ಮತ್ತೆ ಹೊಲಿಯಿರಿ’ ಎನ್ನಲು ಬೈಗುಳಕ್ಕಿಂತ ಒಂದು ಸೆಕೆಂಡೂ ಹೆಚ್ಚು ಬೇಡ. ಬೈಯದಿದ್ದರೆ ಕೆಲಸ ನಡೆಯುವುದಿಲ್ಲ ಎನ್ನುವವರು 2016ರ ನಂತರ ನಡೆದದ್ದನ್ನು ನೋಡಲಿ. ಕಾನ್‌ಸ್ಟೇಬಲ್‌ಗಳ ದೂರಿನ ಬೆನ್ನಲ್ಲೇ ಸಂಬಳದ ಕುರಿತು ರಾಘವೇಂದ್ರ ಔರಾದಕರ್ ಸಮಿತಿ ಬಂತು, 2017ರಲ್ಲಿ ಆರ್ಡರ್ಲಿ ಪದ್ಧತಿ ಕೈಬಿಡುವುದಾಗಿ ಸರ್ಕಾರ ಹೇಳಿತು, 2019ರಲ್ಲಿ ವೇತನ ಪರಿಷ್ಕರಣೆ ಜಾರಿಯಾಯಿತು. ಆಗಬೇಕಾದದ್ದೆಲ್ಲ ಆಗಿಲ್ಲ. ಆದರೆ ಆದಷ್ಟೂ ಆದದ್ದು ಶಿಸ್ತು ಮೀರಿ ಹೊರಗೆ ಬಂದ ಮಾತಿನಿಂದ. ಪೊಲೀಸ್ ಇಲಾಖೆ ಅದರಿಂದ ಕುಸಿದು ಬೀಳಲಿಲ್ಲ.

ಸರ್ಕಾರ ನಿಜಕ್ಕೂ ಏನಾದರೂ ಮಾಡುವುದಿದ್ದರೆ ಐಟಿ ಕಂಪನಿಗಳಿಗೆ ಅಂಥ ವಿನಾಯಿತಿ ಮತ್ತೆ ಕೊಡುವ ಮೊದಲು ಪ್ರತಿ ಕಂಪನಿಯ ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ, ಎಷ್ಟು ದೂರು ಬಂತು, ಯಾರ ಮೇಲೆ ಬಂತು, ಏನಾಯಿತು ಎಂಬುದನ್ನು ಕನ್ನಡದಲ್ಲಿ ಪ್ರಕಟಿಸಲಿ. ಪೀಣ್ಯದ ಪ್ರತಿ ಫ್ಲೋರಿನ ಗೋಡೆಯ ಮೇಲೆ ಟಾರ್ಗೆಟ್ ಬರೆಯುವ ಬೋರ್ಡಿನ ಪಕ್ಕದಲ್ಲೇ ಅದನ್ನೂ ಬರೆಸಲಿ.

ಸಂಜೆ ಗಾರ್ಮೆಂಟ್ಸ್ ಬಿಟ್ಟ ಮೇಲೆ ಗೊರಗುಂಟೆಪಾಳ್ಯದ ಬಸ್‌ಸ್ಟಾಪಿನಲ್ಲಿ ನಿಂತರೆ ಕೇಳುತ್ತದೆ. ಊಟದ ಡಬ್ಬಿಯ ಬ್ಯಾಗು ಹೆಗಲಿಗೆ, ಬಟ್ಟೆಯ ನೂಲಿನ ಧೂಳು ಇನ್ನೂ ಕೂದಲಿನಲ್ಲಿ. ಬಸ್ಸು ಬರುವವರೆಗೆ ಅವರು ಮಾತಾಡುತ್ತಾರೆ. ‘ಇವತ್ತು ಏನಂದ ಗೊತ್ತೇನಕ್ಕಾ ಅವ್ನು?’ ಎಂದು ಒಬ್ಬಳು ಶುರುಮಾಡುತ್ತಾಳೆ. ಉಳಿದವರು ಹತ್ತಿರ ಸರಿಯುತ್ತಾರೆ.